ಒಪ್ಪಿಗೆ ಪಡೆಯಲಾಗಿದೆ

ಅತ್ತೆಯ ಬೈಂಡಿಂಗ್ ಅಂಗಡಿಗೆ ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಅಂಟಿನ ವಾಸನೆ ಮೂಗಿಗೆ ಬಡಿದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಸುಳ್ಳು ಚೂಟಿಗೆ ಮರೆತೇಹೋಯಿತು. ಸುಳ್ಳೇನೂ ದೊಡ್ಡದಲ್ಲ. ಪ್ರಬಂಧದಲ್ಲಿ ಪುಟಸಂಖ್ಯೆ ತಪ್ಪಾಗಿದೆ, ಐದೂ ಪ್ರತಿ ಕೊಟ್ಟುಬಿಡಿ, ಸರಿಮಾಡಿಸಿ ನಾಳೆ ತರುತ್ತೇನೆ, ಅಷ್ಟೆ. ಆದರೆ ಅಷ್ಟನ್ನು ಹೇಳುವಾಗ ಮುಖ ಎಲ್ಲಿಟ್ಟುಕೊಳ್ಳಬೇಕು, ಕಣ್ಣನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂದು ಅವಳು ಯೋಚಿಸಿರಲಿಲ್ಲ. ನಿನ್ನೆ ಸಂಜೆ ವಿಭಾಗದ ಗುಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತ, “ಯಾವಾಗ್ಲೂ ಕೊಡೋ ಕಡೆ ಕತ್ತರಿಸೋ ಮಷಿನ್ನು ಕೆಟ್ಟಿದೆಯಮ್ಮ. ಈ ಸಲ ಎಲ್ಲಾರದ್ದೂ ಹಳೇ ಪ್ರೆಸ್ಸಿನ ಹಿಂದಿನ ಗಲ್ಲೀಲಿ ಒಬ್ಬರು ಹೆಂಗಸಿನ ಹತ್ರ ಕೊಟ್ಟಿದೀನಿ. ಕೈಹೊಲಿಗೆ, ಗಟ್ಟಿ ಕೆಲಸ” ಎಂದಾಗ ಅವಳು “ಹೌದಾ” ಎಂದಷ್ಟೇ ಹೇಳಿದ್ದಳು. ಕೊಟ್ಟು ಮೂರು ದಿನವಾಗಿತ್ತಂತೆ. ಆ ಗಲ್ಲಿಯಲ್ಲಿ ಬೈಂಡಿಂಗ್ ಮಾಡುವ ಹೆಂಗಸು ಒಬ್ಬರೇ, ಅವಳ ಅಪ್ಪನ ಅಕ್ಕ. ಅವಳ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ, ಮೂವತ್ತನಾಲ್ಕು ಪುಟಗಳ ಉದ್ದಕ್ಕೂ ‘ಕ’ ಎಂಬ ಹೆಸರಿನಲ್ಲಿ ಕೂತಿರುವವರೂ ಅವರೇ. ‘ಖ’ ಎಂದರೆ ಅವರ ಜೊತೆ ಇಪ್ಪತ್ತೊಂಬತ್ತು ವರ್ಷದಿಂದ ಒಂದೇ ಸೂರಿನಡಿ ಇರುವ ಕರಡಮ್ಮ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಗಾನಿಸಿ ರಟ್ಟಿನ ಹಾಳೆಗಳು, ಕಿಟಕಿಯ ಕೆಳಗೆ ಅಂಟಿನ ಡಬ್ಬ, ನಡುವೆ ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ ಮಾಡಿದ ಮೇಜು. ಬಾಗಿಲಿಗಿದ್ದ ಚಿಲಕವನ್ನು ತೆಗೆಸಿರಲಿಲ್ಲ. ಅದಕ್ಕೆ ಅತ್ತೆ ದಾರದ ಉಂಡೆ ನೇತುಹಾಕುತ್ತಿದ್ದರು.

“ಬಂದ್ಯಾ” ಎಂದರು ಅತ್ತೆ, ತಲೆಯೆತ್ತದೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ. “ಚಪ್ಪಲಿ ಅಲ್ಲೇ ಬಿಡು, ಕೈ ತೊಳ್ಕೊಂಡು ಬಾ. ಇವಳು ಕೈ ಮುರ್ಕೊಂಡು ಕೂತಿದಾಳೆ, ಒಬ್ಬಳೇ ಮಾಡಿ ಮಾಡಿ ನಂಗೆ ಸಾಕಾಗಿಹೋಗಿದೆ.”

“ಮುರ್ಕೊಂಡಿಲ್ಲ. ಮುರೀತು” ಎಂದರು ಕರಡಮ್ಮ, ಮೂಲೆಯ ಕುರ್ಚಿಯಿಂದ. “ಎರಡಕ್ಕೂ ವ್ಯತ್ಯಾಸ ಇದೆ.”

“ಸ್ಟೂಲ್ ಹತ್ಬೇಡ ಅಂದಿದ್ನೋ ಇಲ್ವೋ?”

“ಅಂದಿದ್ದೆ. ನಾನು ಹತ್ತಿದೆ. ಬಿದ್ದೆ. ವಾಕ್ಯ ಅಲ್ಲಿಗೆ ಮುಗೀತು.”

ಕರಡಮ್ಮನ ಬಲಗೈ ಮೊಣಕೈವರೆಗೂ ಬಿಳಿಯ ಪ್ಲಾಸ್ಟರಿನೊಳಗಿತ್ತು. ಅದನ್ನು ಅವರು ತೊಡೆಯ ಮೇಲೆ, ಯಾರೋ ನೋಡಿಕೊಳ್ಳಲು ಕೊಟ್ಟುಹೋದ ಮಗುವಿನಂತೆ ಇಟ್ಟುಕೊಂಡಿದ್ದರು. ಚೂಟಿ ಹತ್ತಿರ ಹೋಗಿ “ನೋವಿದೆಯಾ?” ಎಂದು ಕೇಳಿದಳು. “ತುರಿಕೆ ಇದೆ” ಎಂದು ನಕ್ಕರು. ಆ ನಗುವಿನಲ್ಲಿ ಏನಾದರೂ ಬೇರೆ ಇದೆಯೇ ಎಂದು ಚೂಟಿ ಹುಡುಕಿದಳು. ಮೂರು ದಿನ ಅವಳ ಪ್ರಬಂಧ ಈ ಕೋಣೆಯಲ್ಲಿದ್ದಿದೆ, ಮೇಲೆ ದಪ್ಪಕ್ಷರದಲ್ಲಿ ಅವಳ ಹೆಸರಿದೆ. ನೋಡದೆ ಇರಲು ಸಾಧ್ಯವೇ ಇಲ್ಲ. ಆದರೆ ಬೈಂಡಿಂಗಿನವರು ಬರುವ ಕಾಗದವನ್ನೆಲ್ಲ ಓದುತ್ತ ಕೂತರೆ ಸಂಸಾರ ನಡೆಯುತ್ತದೆಯೇ. ಹೆಸರು ನೋಡಿ ಖುಷಿಪಟ್ಟು ಪಕ್ಕಕ್ಕಿಟ್ಟಿರಬಹುದು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಅವಳು ಕೈ ತೊಳೆದುಕೊಂಡು ಬಂದು, ಅತ್ತೆ ತೋರಿಸಿದ ರಾಶಿಯ ಮುಂದೆ ಕೂತು, ಯಾರದೋ ಪ್ರಬಂಧದ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡತೊಡಗಿದಳು. ಪುಟಸಂಖ್ಯೆಯ ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಕೂತಿತ್ತು, ಹೊರಗೆ ಬರಲೊಲ್ಲದು.

ಕರಡು ತಿದ್ದುವವರಾದ್ದರಿಂದ ಪ್ರೆಸ್ಸಿನವರು ಇಟ್ಟ ಹೆಸರು ಕರಡಮ್ಮ. ಚೂಟಿಯ ದೊಡ್ಡಪ್ಪನ ಮಕ್ಕಳು ಅದನ್ನು ಕರಡಿ ಮಾಡಿದ್ದರು. ದಪ್ಪ ಮೈ, ಮೇಲ್ದುಟಿಯ ಮೇಲೆ ತೆಳ್ಳಗೆ ಮೀಸೆಯಂಥ ಕೂದಲು, ಕತ್ತರಿಸಿದ ತಲೆಗೂದಲು; ಅವರು ಬಂದರೆ ಮಕ್ಕಳೆಲ್ಲ ಮಂಚದ ಹಿಂದೆ ಹೋಗಿ ಕರಡಿಯಂತೆ ಗುರ್‌ಗುಟ್ಟುವುದು, ಚೂಟಿ ಎಲ್ಲರಿಗಿಂತ ಜೋರಾಗಿ. ಮನೆಯವರು ಅತ್ತೆಯ ಬಗ್ಗೆ ಮಾತಾಡುವಾಗ ಯಾವಾಗಲೂ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಏನು ಎಂದು ಯಾರೂ ಹೇಳುತ್ತಿರಲಿಲ್ಲ, ಆದರೆ ಆ ಇಳಿದ ದನಿಯೇ ಸಾಕಾಗಿತ್ತು, ಅಲ್ಲೇನೋ ಮುಟ್ಟಬಾರದ್ದು ಇದೆ ಎಂದು ತಿಳಿಯಲು. ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅವಳು ಗಂಡು ಗಂಡಾಗಿಯೂ ಹೆಣ್ಣು ಹೆಣ್ಣಾಗಿಯೂ ಇದ್ದರೆ ಮಾತ್ರ ಸಮಾಜ ನಿಲ್ಲುತ್ತದೆ, ಉಳಿದದ್ದೆಲ್ಲ ಪ್ರಕೃತಿಗೆ ಬಗೆದ ದ್ರೋಹ ಎಂದು ಮೇಜು ಗುದ್ದಿ ಮಾತಾಡಿ ಕಪ್ಪು ಗೆದ್ದಿದ್ದಳು. ಎರಡನೆಯ ಸಾಲಿನಲ್ಲಿ ಅತ್ತೆ ಮತ್ತು ಕರಡಮ್ಮ ಕೂತಿದ್ದರು. ನಮ್ಮ ಹುಡುಗಿ ಮಾತಾಡ್ತಾಳಂತೆ ಎಂದು ಅಂಗಡಿ ಮುಚ್ಚಿ ಬಂದಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ಕರಡಮ್ಮ. ಆಮೇಲೆ ಹತ್ತಿರ ಬಂದು, “ಚೆನ್ನಾಗಿ ಮಾತಾಡ್ದೆ. ಒಂದೇ ಒಂದು ಕಡೆ ‘ವಿನಾಶ’ ಅನ್ನೋದು ‘ವಿನಾಸ’ ಆಯ್ತು, ನೋಡ್ಕೋ” ಎಂದಿದ್ದರು. ಅವರು ಆ ಮಾತನ್ನು ಕೇಳಿಸಿಕೊಂಡಿದ್ದರೇ ಅಥವಾ ಬರೀ ಅಕ್ಷರಗಳನ್ನು ಕೇಳಿಸಿಕೊಂಡಿದ್ದರೇ ಎಂಬುದು ಚೂಟಿಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಹಾಸ್ಟೆಲು, ಹೊಸ ಗೆಳತಿಯರು, ನೆಲ ನೋಡುತ್ತ ಮೆಲ್ಲಗೆ ಪಾಠ ಮಾಡುತ್ತಿದ್ದ ಒಬ್ಬ ಮೇಡಂ. ಎರಡು ವರ್ಷದಲ್ಲಿ ತಲೆಯೊಳಗಿನ ಸಾಮಾನನ್ನೆಲ್ಲ ಯಾರೋ ಹೊರಗೆ ಹಾಕಿ ಗುಡಿಸಿದಂತಾಗಿತ್ತು. ಯಾರು ಯಾರನ್ನು ಪ್ರೀತಿಸಿದರೆ ಯಾರಿಗೇನು ಎಂಬ ಪ್ರಶ್ನೆಯೊಂದು ಅವಳೊಳಗೆ ಹೊಕ್ಕಮೇಲೆ ಹಳೆಯದರಲ್ಲಿ ಏನನ್ನೂ ಇದ್ದಲ್ಲೇ ಇರಗೊಡಲಿಲ್ಲ. ಅವಳು ಮೆರವಣಿಗೆಗೆ ಹೋದಳು, ಫಲಕ ಬರೆದಳು, ಮನೆಗೆ ಬಂದಾಗ ಎಲ್ಲರ ಮಾತು ತಿದ್ದಿದಳು. ಅಪ್ಪ ಟೀವಿ ನೋಡುತ್ತ ಯಾರನ್ನೋ ‘ಗಂಡುಬೀರಿ’ ಎಂದಾಗ ತಟ್ಟೆ ಬಿಟ್ಟು ಎದ್ದಳು. “ನಿನ್ನೆದುರು ಬಾಯಿ ಬಿಡೋದಕ್ಕೇ ಭಯ ಕಣೇ ಈಗ” ಎಂದರು ಅಮ್ಮ. ಆ ಭಯ ಅವಳಿಗೆ ಇಷ್ಟವಾಗಿತ್ತು. ಅತ್ತೆಯ ಮನೆಗೆ ಪ್ರತಿ ಭಾನುವಾರ ಬರತೊಡಗಿದ್ದೂ ಆಗಲೇ. ಊಟ ಮಾಡುವುದು, ಅವರಿಬ್ಬರ ಜಗಳ ಕೇಳುವುದು, ಹಳೆಯ ಮಾತು ತೆಗೆಯುವುದು, ಹೊತ್ತು ಮುಳುಗುವ ಮುಂಚೆ ಹಾಸ್ಟೆಲಿಗೆ ಹೋಗಿ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವುದು. ಮೊದಲ ದಿನ ಪ್ರೀತಿಗಾಗಿಯೇ ಬಂದಿದ್ದಳು, ಅದರಲ್ಲಿ ಸಂಶಯವಿಲ್ಲ. ಯಾವ ಭಾನುವಾರದಿಂದ ನೋಟ್‌ಬುಕ್ಕಿಗಾಗಿ ಬರತೊಡಗಿದಳು ಎಂಬುದಕ್ಕೆ ಮಾತ್ರ ಗುರುತಿಲ್ಲ. ವಿಚಾರಸಂಕಿರಣದಲ್ಲಿ ಆ ಅಧ್ಯಾಯ ಓದಿದಾಗ ಸಭೆ ಚಪ್ಪಾಳೆ ತಟ್ಟಿತ್ತು; ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. “ಇಷ್ಟು ಹತ್ತಿರದಿಂದ ಹೇಗೆ ಸಾಧ್ಯವಾಯಿತು?” ಎಂದು ಯಾರೋ ಕೇಳಿದ್ದಕ್ಕೆ ಚೂಟಿ ಕೊಂಚ ತಲೆಬಾಗಿಸಿ “ನಂಬಿಕೆ ಗಳಿಸಿಕೊಂಡೆ” ಎಂದಿದ್ದಳು. ಈಗ ಆ ತಲೆಬಾಗಿಸಿದ ರೀತಿ ನೆನಪಾಗಿ ಅವಳಿಗೆ ಕಿವಿ ಬಿಸಿಯಾಯಿತು.

“ಅಷ್ಟು ಜೋರಾಗಿ ಕುಟ್ಬೇಡ, ಅಂಚು ಮುದುಡುತ್ತೆ” ಎಂದರು ಅತ್ತೆ.

ಅವಳು ಒಂದೊಂದು ರಾಶಿಯ ಮೇಲಿನ ಚೀಟಿಯನ್ನೂ ಓರೆಗಣ್ಣಿನಿಂದ ಓದುತ್ತಿದ್ದಳು. ಸಹಪಾಠಿಗಳದೆಲ್ಲ ಇದ್ದವು, ತನ್ನದೊಂದು ಇಲ್ಲ. ಅತ್ತೆ ದಬ್ಬಳ ಹಿಡಿದು ತೂತು ಹಾಕುವುದು, ಸೂಜಿ ಏರಿಸುವುದು, ಎಳೆಯುವುದು. ಎಳೆದಾಗೊಮ್ಮೆ ಕರಡಮ್ಮ ಗೊತ್ತಿಲ್ಲದೆಯೇ ಎಡಗೈ ಚಾಚಿ ದಾರದ ತುದಿ ಹಿಡಿಯುತ್ತಿದ್ದರು, ಅತ್ತೆ ನೋಡದೆಯೇ ಕೊಡುತ್ತಿದ್ದರು. ಹೀಗೆ ಹಿಡಿಯುವ ಕೈಯ ಬಗ್ಗೆ ಚೂಟಿ ತನ್ನ ಪ್ರಬಂಧದಲ್ಲಿ ಒಂದು ಪ್ಯಾರಾ ಬರೆದಿದ್ದಳು. ಬೈಂಡಿಂಗನ್ನು ಬಟ್ಟೆ ಹೊಲಿಗೆ ಮಾಡಿದ್ದಳು, ಕರಡು ತಿದ್ದುವುದನ್ನು ಶಾಲೆಯ ಮೇಷ್ಟರಿಕೆ ಮಾಡಿದ್ದಳು. ಗುರುತು ಮರೆಸಲು ಅಷ್ಟು ಸಾಕು ಎಂದುಕೊಂಡಿದ್ದಳು. ಮದುವೆಯ ಫೋಟೋದ ಪ್ರಸಂಗವನ್ನೂ ಬರೆದಿದ್ದಳು, ಸಭೆಯಲ್ಲಿ ಹುಡುಗಿ ಕಣ್ಣೊರೆಸಿಕೊಂಡದ್ದು ಅಲ್ಲಿಯೇ. ದೊಡ್ಡಪ್ಪನ ಮಗಳ ಮದುವೆ, ಚೂಟಿಗೆ ಹನ್ನೊಂದು. ಎಲ್ಲರೂ ಸಾಲಾಗಿ ನಿಂತಾಗ ಫೋಟೋದವನು “ಮನೆಯವರು ಮಾತ್ರ ಇರಿ” ಎಂದ. ಕರಡಮ್ಮ ಅತ್ತೆಯ ಪಕ್ಕ ನಿಂತಿದ್ದರು, ಹೊಸ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತ. ಯಾರೂ ಏನೂ ಅನ್ನಲಿಲ್ಲ, ಒಂದು ಕ್ಷಣ ಎಲ್ಲವೂ ಹಾಗೇ ಉಳಿದುಬಿಡಬಹುದಿತ್ತು. ಆಗ ಸ್ಪಷ್ಟವಾದ ಒಂದು ದನಿ, “ಇವರು ನಮ್ಮ ಮನೆಯವರಲ್ಲ” ಎಂದಿತು. ಕರಡಮ್ಮ “ಹೌದಲ್ವಾ” ಎಂದು, ಅತ್ತೆಯ ಕೈಚೀಲವನ್ನೂ ತಾವೇ ತೆಗೆದುಕೊಂಡು ಪಕ್ಕಕ್ಕೆ ಸರಿದು, ಫೋಟೋ ಮುಗಿಯುವ ತನಕ ಅದನ್ನು ಎದೆಗೊತ್ತಿಕೊಂಡು ನಿಂತಿದ್ದರು. ಪ್ರಬಂಧದಲ್ಲಿ ಆ ಮಾತು ಹೇಳಿದ್ದು ‘ಕುಟುಂಬದ ಒಂದು ಮಗು’.

ಮಧ್ಯಾಹ್ನದ ಊಟಕ್ಕೆ ಅತ್ತೆ ಮೇಜಿನ ಒಂದು ತುದಿ ಖಾಲಿ ಮಾಡಿದರು. ಕರಡಮ್ಮನ ತಟ್ಟೆಯಲ್ಲಿ ಎಲ್ಲವನ್ನೂ ಸಣ್ಣ ಸಣ್ಣ ತುಂಡು ಮಾಡಿ ಎಡಗೈಗೆ ಚಮಚ ಕೊಟ್ಟರು. ಚೂಟಿ ತಿನ್ನುತ್ತಿದ್ದಳು, ಅವಳ ಕಣ್ಣು ಕಪಾಟಿನ ತನಕ ಹೋಗಿ ಬರುತ್ತಿತ್ತು.

“ಬೆಳಿಗ್ಗೆಯಿಂದ ಹುಡುಕ್ತಾ ಇದೀಯ” ಎಂದರು ಕರಡಮ್ಮ, ಚಮಚ ಕೆಳಗಿಟ್ಟು. “ಕೇಳಿದ್ರೆ ಕೊಡ್ತಿದ್ವಲ್ಲ. ಒಳಗೆ ನನ್ನ ದಿಂಬಿನ ಪಕ್ಕ ಇದೆ ಒಂದು. ಬಾಕಿ ನಾಲ್ಕು ಕಪಾಟಿನ ಮೇಲಿಟ್ಟಿದಾಳೆ. ಐದೂ ಹೊಲಿದಾಗಿದೆ, ರಟ್ಟು ಕಟ್ಟಿಲ್ಲ ಇನ್ನೂ.”

ಚೂಟಿ ತುತ್ತನ್ನು ತಟ್ಟೆಗೆ ಹಿಂದಿಟ್ಟಳು. “ಓದಿದ್ರಾ?”

“ನಾನು ಓದ್ದೆ. ಇವಳು ಕೇಳಿಸ್ಕೊಂಡ್ಳು. ಹೊಲೀತಾ ಇರೋವಾಗ ನಾನು ಯಾವಾಗ್ಲೂ ಓದಿ ಹೇಳ್ತೀನಲ್ಲ, ಇವಳಿಗೆ ಬೇಜಾರು ಕಳೆಯೋಕ್ಕೆ. ಹೋದ ತಿಂಗಳು ಮಣ್ಣಿನ ಹುಳುಗಳ ಮೇಲೆ ಒಂದು ಓದಿದ್ವಿ. ಅದೂ ಚೆನ್ನಾಗಿತ್ತು.”

ಚೂಟಿ ಎಂಜಲು ಕೈಯಲ್ಲೇ ಒಳಗೆ ಹೋಗಲು ಎದ್ದಳು, ಆಮೇಲೆ ತೊಳೆದುಕೊಂಡು ಹೋದಳು. ದಿಂಬಿನ ಪಕ್ಕ, ಕನ್ನಡಕದ ಡಬ್ಬಿಯ ಕೆಳಗೆ ಅದು ಇತ್ತು. ತೆರೆದರೆ ಅಂಚಿನ ತುಂಬ ಪೆನ್ಸಿಲಿನ ಗುರುತು. ಎಡಗೈಯಲ್ಲಿ ಬರೆದದ್ದು, ಒಂದನೆಯ ತರಗತಿಯ ಮಗುವಿನ ಹಾಗೆ ಅಕ್ಷರಗಳು ಮೇಲೆ ಕೆಳಗೆ ಹತ್ತಿಳಿದಿದ್ದವು. ಮೂವತ್ತನಾಲ್ಕು ಪುಟಕ್ಕೂ ಇಷ್ಟು ಬರೆಯಲು ಎಷ್ಟು ಹೊತ್ತು ಹಿಡಿದಿರಬೇಕು. ದೀರ್ಘ ಬಿಟ್ಟಲ್ಲಿ ದೀರ್ಘ ಹಾಕಿದ್ದರು. ‘ಖ ಅವರು ಕ ಅವರಿಗಿಂತ ಕಿರಿಯರು’ ಎಂಬಲ್ಲಿ, ‘ತಪ್ಪು. ಎರಡು ವರ್ಷ ದೊಡ್ಡವಳು. ಹಾಗಾಗಿ ನಾನೇ ಕ ಆಗಬೇಕು’ ಎಂದಿತ್ತು. ಕೊನೆಯ ಪುಟದಲ್ಲಿ, ‘ಈ ಸಂಬಂಧಕ್ಕೆ ಅವರ ಬಳಿ ಹೆಸರೇ ಇಲ್ಲ’ ಎಂಬ ವಾಕ್ಯದ ಪಕ್ಕ, ‘ಯಾರು ಹೇಳಿದರು?’ ಕಡೆಗೆ ಅವಳು ಮದುವೆಯ ಫೋಟೋದ ಪುಟ ತೆರೆದಳು. ‘ಕುಟುಂಬದ ಒಂದು ಮಗು’ ಎಂಬುದರ ಕೆಳಗೆ ಗೆರೆಯಿಲ್ಲ, ಪ್ರಶ್ನೆಯಿಲ್ಲ. ಅಂಚಿನಲ್ಲಿ ಮಾತ್ರ, ಬಹಳ ಚಿಕ್ಕದಾಗಿ: ‘ಆ ದಿನ ಮಗುವಿಗೆ ಜ್ವರವಿತ್ತು.’

ಅವಳು ಮಂಚದ ಮೇಲೆ ಕೂತಳು. ಜ್ವರ ನೆನಪಾಗಲಿಲ್ಲ. ನೆನಪಿಗೆ ಬಂದದ್ದು ಬೇರೆ, ಆ ಮಾತು ಹೇಳಿದಾಗ ದೊಡ್ಡಪ್ಪ ತನ್ನ ತಲೆ ಸವರಿದ್ದು, ಸವರಿದ್ದಕ್ಕೆ ತನಗಾದ ಹೆಮ್ಮೆ. ಹೊರಗಿನಿಂದ ಅವರಿಬ್ಬರ ದನಿ ಕೇಳುತ್ತಿತ್ತು, ಯಾವುದೋ ದಾರ ಸಾಲದೆಂದು. ಅವಳು ಪುಟ ಹಿಂದಕ್ಕೆ ತಿರುವಿದಳು. ಮೊದಲ ಅಧ್ಯಾಯದ ಕೊನೆಗೆ, ಎಲ್ಲರೂ ಬರೆಯುವ, ಯಾರೂ ಓದದ ಒಂದು ಸಾಲಿತ್ತು: ‘ಅಧ್ಯಯನದಲ್ಲಿ ಭಾಗವಹಿಸಿದವರೆಲ್ಲರ ಒಪ್ಪಿಗೆ ಪಡೆಯಲಾಗಿದೆ.’ ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಬಾಗಿದ ತಲೆ, ಕೆಳಗೆ ಚುಕ್ಕಿ. ಎಡಗೈಯಲ್ಲಿ ಬರೆದರೂ ಅದೊಂದೇ ತಪ್ಪಿಲ್ಲದೆ ಬಂದಿತ್ತು.

ಹೊರಗೆ ಬಂದಾಗ ಅತ್ತೆ ತಟ್ಟೆ ತೆಗೆದು ಮತ್ತೆ ಕೆಲಸಕ್ಕೆ ಕೂತಿದ್ದರು. ಚೂಟಿ ಬಾಗಿಲಲ್ಲೇ ನಿಂತು ಕೇಳಿದಳು, “ನಿಜವಾಗ್ಲೂ ಜ್ವರ ಇತ್ತಾ ನಂಗೆ?”

“ಇತ್ತು. ನೂರೆರಡು” ಎಂದರು ಕರಡಮ್ಮ.

“ನೂರು” ಎಂದರು ಅತ್ತೆ.

“ಹಣೆ ಮುಟ್ಟಿ ನೋಡ್ದೋಳು ನಾನೋ ನೀನೋ?”

ಅವರು ನಿಜ ಹೇಳುತ್ತಿದ್ದಾರೆಯೇ ಅಥವಾ ಇಬ್ಬರೂ ಕೂಡಿ ಹನ್ನೆರಡು ವರ್ಷದ ಹಿಂದೆಯೇ ಅವಳಿಗಾಗಿ ಒಂದು ಜ್ವರ ಹುಟ್ಟಿಸಿಕೊಂಡಿದ್ದರೇ, ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ. ಚೂಟಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. “ನಿಮಗೋಸ್ಕರಾನೇ ಬರೆದೆ ಅತ್ತೆ” ಎಂದಳು. “ನಿಮ್ಮಂಥೋರ ಬಗ್ಗೆ ಯಾರೂ ಬರೆಯಲ್ಲ. ಜನಕ್ಕೆ ಗೊತ್ತಾಗ್ಬೇಕು ಅಂತ.”

“ನಮ್ಮಂಥೋರು ಅಂದ್ರೆ ಯಾರೇ?” ಅತ್ತೆ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಸುಲಭವಾಗುತ್ತಿತ್ತು. “ಇವಳು ಓದ್ತಾ ಹೋದ್ಳು, ನಾನು ಕೇಳ್ತಾ ಹೋದೆ. ಪಾಪ, ಯಾರಪ್ಪ ಈ ಹೆಂಗಸರು, ಇಷ್ಟು ದುಃಖದಲ್ಲಿದಾರೆ ಅನ್ನಿಸ್ತು. ಮೂವತ್ನಾಲ್ಕು ಪುಟದಲ್ಲಿ ಒಂದು ಸಲಾನೂ ನಗಲ್ಲ ಅವರು. ಭಾನುವಾರ ಭಾನುವಾರ ಬಂದು ಇಲ್ಲೇ ಕೂತಿದ್ದೆ, ನಾವು ಜಗಳ ಆಡಿ ಆಡಿ ಎಷ್ಟು ನಗ್ತಿದ್ವಿ, ನೀನೂ ನಗ್ತಿದ್ದೆ. ಅದನ್ನ ಎಲ್ಲಿ ಹಾಕ್ದೆ?”

“ಭಾಷೆ ಚೆನ್ನಾಗಿದೆ” ಎಂದರು ಕರಡಮ್ಮ, ಮಗುವಿನ ಪರ ವಹಿಸುವ ದನಿಯಲ್ಲಿ. “ಆ ದಾರದ ತುದಿ ಹಿಡಿಯೋದು ಬರ್ದಿದಾಳಲ್ಲ, ಅದು ನಂಗೆ ಹಿಡಿಸ್ತು. ನಾನು ಹಾಗೆ ಮಾಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ.”

ಚೂಟಿ ನೆಲದ ಮೇಲೆ ಕೂತಳು. ತನ್ನ ಎರಡು ವರ್ಷದ ಓದಿನಲ್ಲಿ ಕಲಿತ ಮಾತುಗಳಲ್ಲಿ ಯಾವುದೂ ಈಗ ಬೇಕಾಗಿದ್ದ ಮಾತಲ್ಲ. ಬೇಕಾಗಿದ್ದದ್ದು ಎರಡೇ ಪದದ ಪ್ರಶ್ನೆ, ಮೊದಲ ಭಾನುವಾರವೇ ಕೇಳಬೇಕಾಗಿದ್ದದ್ದು. ಕೇಳಿದರೆ ಬೇಡ ಅಂದುಬಿಡುತ್ತಾರೇನೋ ಎಂದು ಹೆದರಿಯೇ ಕೇಳಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅನ್ಯಾಯದ ಬಗ್ಗೆ ಅಷ್ಟೆಲ್ಲ ಬರೆದ ಕೈಗೆ, ಈ ಇಬ್ಬರ ಬೇಡ ಎಂಬ ಮಾತಿಗೆ ಜಾಗ ಬಿಡುವುದು ತೋಚಿರಲಿಲ್ಲ.

“ಅತ್ತೆ, ಬರೀಲಾ?” ಎಂದಳು. “ನಿಮ್ಮ ಬಗ್ಗೆ. ಈಗ ಕೇಳ್ತಾ ಇದೀನಿ.”

ಕರಡಮ್ಮ ಅತ್ತೆಯ ಮುಖ ನೋಡಿದರು. ಅವರೊಬ್ಬರದೇ ಆಗಿದ್ದರೆ ಹೂಂ ಎನ್ನುತ್ತಿದ್ದರು ಎಂಬುದು ಕಾಣುತ್ತಿತ್ತು. ಅತ್ತೆ ಸೂಜಿಯನ್ನು ಅರ್ಧ ಹೊಲಿಗೆಯಲ್ಲೇ ಚುಚ್ಚಿ ನಿಲ್ಲಿಸಿದರು.

“ಬೇಡ ಕಣೇ” ಎಂದರು. “ನಂಗಿಷ್ಟ ಇಲ್ಲ.”

ಕಾರಣ ಕೇಳಬೇಕೆನಿಸಿತು, ಕೇಳಲಿಲ್ಲ. ಮೂರನೆಯ ಅಧ್ಯಾಯ ಹೋದರೆ ಉಳಿಯುವುದು ಎರಡು ತೆಳ್ಳಗಿನ ಅಧ್ಯಾಯ, ಯಾರ್‍ಯಾರದೋ ಪುಸ್ತಕದಿಂದ ಎತ್ತಿ ಬರೆದದ್ದು. ಮೇಡಂ ಏನೂ ಅನ್ನುವುದಿಲ್ಲ, ನೆಲ ನೋಡುತ್ತಾರೆ. ಸಭೆಯಲ್ಲಿ ಚಪ್ಪಾಳೆ ತಟ್ಟಿದವರು ಏನಾಯಿತು ಎಂದು ಕೇಳುತ್ತಾರೆ. ನಾಡಿದ್ದು ಒಪ್ಪಿಸುವ ಕಡೆಯ ದಿನ. ಅಷ್ಟನ್ನೂ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಅವಳು ಆಗಲೇ ಎದ್ದು ಕಪಾಟಿನ ಮೇಲಿಂದ ನಾಲ್ಕು ಪ್ರತಿಗಳನ್ನೂ ಇಳಿಸಿ, ಒಳಗಿನದನ್ನೂ ತಂದು, ಮೇಜಿನ ಮೇಲಿಟ್ಟಿದ್ದಳು. “ಬಿಚ್ಚೋದು ಹೇಗೆ ತೋರಿಸಿ” ಎಂದಳು.

ಅತ್ತೆ ಅವಳನ್ನೊಮ್ಮೆ ನೋಡಿ ಸಣ್ಣ ಚಾಕು ಕೊಟ್ಟರು. ಗಂಟಿನ ಹತ್ತಿರ ಕತ್ತರಿಸಬೇಕು, ನಡುವೆ ಕತ್ತರಿಸಿದರೆ ಕಾಗದ ಹರಿಯುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ದಾರವನ್ನು ಬಂದ ದಾರಿಯಲ್ಲೇ ವಾಪಸ್ಸು ಎಳೆಯಬೇಕು. ಮೊದಲನೆಯ ಪ್ರತಿಗೆ ಅರ್ಧ ಗಂಟೆ ಹಿಡಿಯಿತು. ಮೂವತ್ತನಾಲ್ಕು ಹಾಳೆ ಬಿಡಿಯಾಗಿ ಬಂದವು. ಒಪ್ಪಿಗೆಯ ಸಾಲಿದ್ದ ಪುಟವನ್ನೂ ಅವಳು ತೆಗೆದಳು, ಅದನ್ನು ಬೇರೆ ಟೈಪು ಮಾಡಿಸಬೇಕು. ಕರಡಮ್ಮ ಪೆನ್ಸಿಲ್ ಗುರುತಿನ ಹಾಳೆಗಳನ್ನು ಮಾತ್ರ ಎಡಗೈಯಿಂದ ತಮ್ಮ ಕಡೆ ಎಳೆದುಕೊಂಡು, “ಇವು ನಂಗಿರ್ಲಿ. ನನ್ನ ಕೈಕೆಲಸ” ಎಂದರು.

ಎರಡನೆಯ ಪ್ರತಿ ಬಿಚ್ಚುತ್ತಿರುವಾಗ ಅತ್ತೆ ಇದ್ದಕ್ಕಿದ್ದಂತೆ ಒಳಗೊಳಗೇ ನಗತೊಡಗಿದರು. ಹೆಗಲು ಕುಣಿಯುತ್ತಿತ್ತು.

“ಏನು?” ಎಂದಳು ಚೂಟಿ.

“ಇನ್ನು ಬರಿಯಲ್ಲ ತಾನೇ?”

“ಇಲ್ಲ ಅತ್ತೆ.”

“ಹಾಗಾದ್ರೆ ಹೇಳ್ತೀನಿ. ಹೆಸರೇ ಇಲ್ಲ ಅಂತ ಬರ್ದಿದ್ಯಲ್ಲ, ಓದ್ದಾಗ ನಗು ತಡೆಯೋಕ್ಕಾಗ್ಲಿಲ್ಲ ನಮಗೆ. ಹೆಸರಿಟ್ಟೋಳೇ ನೀನು ಕಣೇ. ನಿಂಗೆ ಮೂರು ವರ್ಷ. ನಿಮ್ಮನೆಗೆ ಬಂದಿದ್ವಿ ಇಬ್ಬರೂ. ನೀನು ಬಾಗಿಲಿಗೆ ಓಡಿ ಬಂದು ನನ್ನ ‘ಅತ್ತೆ’ ಅಂದೆ. ಇವಳನ್ನ ಒಂದು ಗಳಿಗೆ ಹಾಗೇ ನೋಡ್ದೆ. ಆಮೇಲೆ ‘ಮಾವ’ ಅಂದೆ.”

“ನಿಮ್ಮಮ್ಮ ಫಟ್ ಅಂತ ಕೊಟ್ಳು ಬೆನ್ನಿಗೆ” ಎಂದರು ಕರಡಮ್ಮ. “ನಂಗೆ ಪಾಪ ಅನ್ನಿಸ್ತು. ಮಗು ಸರಿಯಾಗೇ ಹೇಳಿತ್ತು. ಅತ್ತೆ ಜೊತೆಗಿರೋದು ಮಾವ ತಾನೇ. ವ್ಯಾಕರಣ ಪ್ರಕಾರ ಏನೂ ತಪ್ಪಿಲ್ಲ.”

“ಅವತ್ತಿಂದ ಇವಳನ್ನ ಹಾಗೇ ಕರೆಯೋದು ನಾನು. ಒಳಗೆ. ಇಪ್ಪತ್ತು ವರ್ಷ ಆಯ್ತು.”

ಚೂಟಿಯ ಕೈಯಲ್ಲಿ ಚಾಕು ಹಾಗೇ ನಿಂತಿತ್ತು. ಮಂಚದ ಹಿಂದೆ ಗುರ್‌ಗುಟ್ಟಿದವಳು, ಮೇಜು ಗುದ್ದಿದವಳು, ತಲೆಬಾಗಿಸಿ ಚಪ್ಪಾಳೆ ತೆಗೆದುಕೊಂಡವಳು, ಇವರೆಲ್ಲರಿಗಿಂತ ಮುಂಚೆ ಒಬ್ಬಳು ಇದ್ದಳು. ಯಾರೂ ಏನೂ ಹೇಳಿಕೊಡದೆ ಬಾಗಿಲಲ್ಲಿ ನಿಂತು ಕಂಡದ್ದನ್ನು ಕಂಡಂತೆ ಅಂದು, ಅದಕ್ಕೆ ಏಟು ತಿಂದವಳು. ಆ ಮಗುವಿನ ಮುಖ ಅವಳಿಗೆ ಕಾಣಿಸಲಿಲ್ಲ, ಆದರೆ ಬೆನ್ನ ಮೇಲೆ ಎಲ್ಲೋ ಚುರುಕ್ಕೆಂದಂತಾಯಿತು. ಅವಳು ನಗುತ್ತಿದ್ದಳು, ಮೂಗು ಸೋರುತ್ತಿತ್ತು, ತೋಳಿನಿಂದ ಒರೆಸಿಕೊಂಡಳು. ಕರಡಮ್ಮನ ಕಡೆ ತಿರುಗಿ, ಆ ಪದವನ್ನೊಮ್ಮೆ ಬಾಯಲ್ಲಿ ಹಿಡಿದು ನೋಡುವ ಆಸೆಯಾಗಿ ತುಟಿ ತೆರೆದಳು.

“ಉಹೂಂ” ಎಂದರು ಅತ್ತೆ, ಸೂಜಿ ಎತ್ತಿಕೊಳ್ಳುತ್ತ. “ನೀನು ಕರೆಯೋ ಹಾಗಿಲ್ಲ. ಅದು ಈಗ ನಂದು.”

ಕರಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು, ಕತ್ತಿನವರೆಗೂ ಕೆಂಪಾಗಿ. ಇನ್ನೂ ಮೂರು ಪ್ರತಿ ಉಳಿದಿದ್ದವು. ಚೂಟಿ ಕೈಯಲ್ಲಿದ್ದದ್ದನ್ನು ಬಿಚ್ಚಿ ಮುಗಿಸಿ, ಮುಂದಿನದನ್ನು ಹತ್ತಿರ ಎಳೆದುಕೊಂಡು ಗಂಟು ಎಲ್ಲಿದೆಯೆಂದು ಹುಡುಕತೊಡಗಿದಳು.